ಗುಂಡಿ

ತಂದ ದಿನ ಅದು ಕೋಟಿನ ಗುಂಡಿಯಷ್ಟಿತ್ತು,
ಅದಕ್ಕೇ ಆ ಹೆಸರು.
ಸವಾರ್‌ಲೈನ್ ರಸ್ತೆಯ ಮೀನಿನಂಗಡಿ ಇನಾಯತ್
ಪ್ಲಾಸ್ಟಿಕ್ ಕೊಟ್ಟೆಗೆ ನೀರು ತುಂಬಿ, ಬಾಯಿಗೆ ರಬ್ಬರು ಸುತ್ತಿ
'ಇಷ್ಟೇ ಇರತ್ತೆ ಮಾಸ್ಟ್ರೇ, ಬೆಳೆಯೋದೇ ಇಲ್ಲ' ಅಂದಿದ್ದ.
ಬೆಳೆಯದ ಜೀವ ಯಾವುದಯ್ಯಾ ಅಂತ
ಟೇಪು ಕೊರಳಿಗೆ ಹಾಕಿಕೊಂಡವನು ನಾನಾದರೂ ಕೇಳಬೇಕಿತ್ತು.
ಎಷ್ಟು ಹುಡುಗರ ಚಡ್ಡಿಯ ಅಂಚು ಬಿಚ್ಚಿ ಇಳಿಸಿಲ್ಲ ನಾನು!

ದುರ್ಗಿಗುಡಿಯ ತಿರುವಿನಲ್ಲಿ ಎಂಟಡಿ ಹತ್ತಡಿ ಅಂಗಡಿ.
ಮಿಷನ್ನಿನ ಪಕ್ಕ ಟಬ್ಬು.
ಕಾಜ ಮಾಡಲು ಇಟ್ಟ ದೀಪವನ್ನೇ ಬಗ್ಗಿಸಿ ಬಿಸಿಲು ಮಾಡಿದೆ,
ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಮಗುಚಿ ಬಂಡೆ.
ಹತ್ತಿ ಕೂತು, ಹಿಂಗಾಲೊಂದನ್ನು ಗಾಳಿಗೆ ಚಾಚಿ
ಕಾಲರಿನ ಅಳತೆಗೆ ನಿಂತ ಗಿರಾಕಿಯ ಹಾಗೆ ಕತ್ತೆತ್ತುತ್ತಿತ್ತು.
ಕಿವಿಯ ಜಾಗದಲ್ಲಿ ಕೆಂಪು ಗೆರೆ,
ಯಾರೋ ಗುರುತು ಹಾಕಿ ಹೊಲಿಯಲು ಮರೆತಂತೆ.

ಅಳತೆ ಪುಸ್ತಕದಲ್ಲಿ ಅದಕ್ಕೂ ಒಂದು ಪುಟ.
ಉದ್ದ ಒಂದೂಕಾಲು. ಮೂರು. ನಾಲ್ಕೂವರೆ.
ಎಡಪುಟದಲ್ಲಿ ಡ್ರಿಲ್ ಮೇಷ್ಟ್ರು ಹಾಲೇಶಪ್ಪ,
ಎದೆ ಮೂವತ್ತೆಂಟು, ಆಮೇಲೆ ಮೂವತ್ತಾರು,
ಮೂವತ್ಮೂರೂವರೆ,
ಆಮೇಲೆ ಏನೂ ಬರೆದಿಲ್ಲ.
ಬಲಪುಟದಲ್ಲಿ ಇದು ಏಳು. ಎಂಟೂಮುಕ್ಕಾಲು.

ಅವನು ಅವನು ಅಂತಲೇ ಕರೆಯುತ್ತಿದ್ದೆವು.
ಆರನೇ ವರ್ಷ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ
ಟಬ್ಬು ಖಾಲಿ, ನೆಲವೆಲ್ಲ ಒದ್ದೆ,
ಚಿಂದಿಯ ರಟ್ಟಿನ ಡಬ್ಬದಲ್ಲಿ,
ಪಾಪ್ಲಿನ್ನು ಟೆರಿಕಾಟಿನ ತುಂಡುಗಳ ನಡುವೆ
ಏಳು ಬಿಳಿ ಮೊಟ್ಟೆ.
ಗಂಡಿನ ನೆರಳು ಸೋಕದೆ ಇಟ್ಟವು, ಮರಿಯಾಗುವಂಥವಲ್ಲ.
ಆರು ವರ್ಷ 'ನಿಮ್ಮ ಕೊಳಕು ನೀರು' ಅಂತಿದ್ದ ರುಕ್ಮಾ
ಅವತ್ತು ಮೊದಲ ಸಲ ಟಬ್ಬಿನ ಬಳಿ ಕುಕ್ಕರಗಾಲಲ್ಲಿ ಕೂತಳು.
ಮಾರನೇ ದಿನ ಸಂತೆಯಿಂದ ಸೊಪ್ಪು ಒಂದು ಕಟ್ಟು ಹೆಚ್ಚು ಬಂತು.

ಆದರೂ ವಾಸನೆ ವಾಸನೆಯೇ.
ಮದುಮಗನೊಬ್ಬನ ಸೂಟಿನ ಮೇಲೆ ಸಿಡಿದ ನೀರು,
ಅಂಗಡಿ ಮಾಲೀಕರ ಗೊಣಗು.
ಕಾರ್ತಿಕದ ಒಂದು ಮಂಗಳವಾರ
ಬಕೆಟ್ಟಿಗೆ ಹಾಕಿಕೊಂಡು ಕೂಡಲಿಯ ಬಸ್ಸು ಹತ್ತಿದೆ.
'ಏನದು?' 'ಆಮೆ.' 'ಜೀವ ಇರೋದಾ?'
ಕಂಡಕ್ಟರು ಸ್ವಲ್ಪ ಯೋಚಿಸಿ ಅರ್ಧ ಟಿಕೇಟು ಕೊಟ್ಟ,
ಕೋಳಿಗೂ ಅಷ್ಟೇ ಅಂತೆ.

ತುಂಗೆಯೂ ಭದ್ರೆಯೂ ಕೂಡುವ ಮೆಟ್ಟಿಲು.
'ಕೂರ್ಮಾವತಾರ! ಬಿಡಿ, ಪುಣ್ಯ' ಅಂದರು ಮಿಂದೆದ್ದವರೊಬ್ಬರು.
ತೆಪ್ಪದಲ್ಲಿ ಬಲೆ ಬಿಡಿಸುತ್ತಿದ್ದ ಹೆಂಗಸು ಬಕೆಟ್ಟಿಗೆ ಇಣುಕಿ
'ಕೆಂಪು ಕಿವೀದಾ? ನಮ್ಮ ಹೊಳೇದಲ್ಲ ಇದು, ಬಿಡು' ಅಂದಳು.
ಯಾವ 'ಬಿಡು' ಅಂತ ಒಂದು ಗಳಿಗೆ ತಿಳಿಯಲಿಲ್ಲ.
'ಅಗೋ ಆ ಬಂಡೆ ಮೇಲೆ ನಮ್ಮವು ನಾಕು ಕೂತಾವೆ.
ಇದು ಹತ್ತಿದ್ರೆ ಅವು ಇಳೀಬೇಕು.'

ಗುಂಡಿ ಕತ್ತೆತ್ತಿ ನದಿ ನೋಡಿದಳು,
ಅಥವಾ ನದಿಯ ಮೇಲಿನ ಬೆಳಕನ್ನು.
ಕಡಲಾಚೆಯ ಯಾವುದೋ ಹೊಳೆ ಇವಳದ್ದು.
ಇವಳೂ ಕಂಡಿಲ್ಲ ಅದನ್ನು, ನಾನೂ.
ತಂದವನು ನಾನು, ಹೊಳೆ ಅಲ್ಲ.
ಬಕೆಟ್ಟಿಗೆ ಇನ್ನೊಂದು ಚೊಂಬು ನೀರು ಮೊಗೆದುಕೊಂಡೆ.
ಬರುವಾಗಿನ ಕಂಡಕ್ಟರು ಏನೂ ಕೇಳಲಿಲ್ಲ, ಜನ ಜಾಸ್ತಿ ಇದ್ದರು.

ನಲವತ್ತು ವರ್ಷ ಬದುಕುತ್ತವಂತೆ. ಇನಾಯತ್ ಈಗ ಹೇಳುತ್ತಾನೆ.
ನನಗೆ ಐವತ್ತೇಳು. ಕೂಡಿ ಕಳೆಯುವುದು ನನಗೆ ಬರುತ್ತದೆ.
ರಾತ್ರಿ ಪುಸ್ತಕ ತೆಗೆದು ಒಂಬತ್ತೂಕಾಲು ಅಂತ ಬರೆದೆ.
'ಕೊಡುವ ದಿನ' ಅನ್ನುವಲ್ಲಿ ಪೆನ್ನು ನಿಂತಿತು,
ಹಾಗೇ ಮುಚ್ಚಿದೆ.

ಈಗ ಟ್ರಯಲ್ ರೂಮಿನ ಪರದೆ ಬಿಚ್ಚಿ
ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದೇನೆ.
ಗಿರಾಕಿಗಳು ಪ್ಯಾಂಟು ಹಾಕಿ ನೋಡುವುದು
ಪಕ್ಕದ ಝೆರಾಕ್ಸ್ ಅಂಗಡಿಯ ಹಿಂದೆ.
ಅಲ್ಲಿಂದ ಬಂದು, ಆಳೆತ್ತರದ ಕನ್ನಡಿಯ ಮುಂದೆ ತಿರುಗುವಾಗ
ತೊಟ್ಟಿಯ ಅಂಚಿಗೊಂದು ತಲೆ ಏಳುತ್ತದೆ,
ಸೊಂಟದಲ್ಲಿ ಸ್ವಲ್ಪ ಸಡಿಲ ಅನ್ನುವಂತೆ.